ಅಕ್ಕ ಕೇಳಿದ್ದು

ಊರಿನವರು ಅವನಿಗೆ ಇಟ್ಟ ಹೆಸರು ಇಲ್ಲಪ್ಪ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅಂಗಡಿಯ ಪರವಾನಗಿ ಬಿಟ್ಟರೆ ಇನ್ನೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ದೇವರಿದ್ದಾನಾ ಎಂದು ಯಾರು ಕೇಳಿದರೂ ತಲೆಯೆತ್ತದೆ, ಕೈಯಲ್ಲಿದ್ದ ಕೆಲಸ ನಿಲ್ಲಿಸದೆ, ‘ಇಲ್ಲಪ್ಪ’ ಎನ್ನುತ್ತಿದ್ದ. ಅದರಲ್ಲಿ ಕೋಪವೂ ಇಲ್ಲ, ಜಂಬವೂ ಇಲ್ಲ. ನಿಮ್ಮ ಸೈಜಿನ ಬ್ಯಾಟರಿ ಮುಗಿದಿದೆ ಎನ್ನುವಾಗಲೂ ಅದೇ ದನಿ. ಹೆಸರು ಅಂಟಿಕೊಂಡಿತು, ಅವನೂ ಕಿತ್ತುಹಾಕಲು ಹೋಗಲಿಲ್ಲ.

ಅವನದು ಕಿವಿ ಮಿಷನ್ನಿನ ಅಂಗಡಿ. ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದೂವರೆ ಕೋಣೆ. ಆ ಅರ್ಧ ಕೋಣೆಯ ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆಸಿ, ಬೀದಿಯ ಸದ್ದು ಒಳಗೆ ಬಾರದಂತೆ ಮಾಡಿದ್ದ. ಕಿವಿಯ ಪರೀಕ್ಷೆ ಅಲ್ಲಿ. ಹೊರಗಿನ ಮೇಜಿನ ಮೇಲೆ ಕಿವಿಯೊಳಗಿನ ಅಚ್ಚು ತೆಗೆಯುವ ಮೆತ್ತನೆಯ ಹಿಟ್ಟು, ಸಣ್ಣ ಬ್ರಷ್ಷು, ಗುಗ್ಗೆ ತೆಗೆಯುವ ಕಡ್ಡಿ. ಹೊಸ ಮಿಷನ್ ಸಿಕ್ಕಿಸಿದ ಮೇಲೆ ಅವನು ಗಿರಾಕಿಯ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದ. ಎದುರಿಗೆ ನಿಂತರೆ ತುಟಿ ನೋಡಿ ಊಹಿಸಿಬಿಡುತ್ತಾರೆ. ಹಿಂದಿನಿಂದ ಮೆಲ್ಲಗೆ ‘ಕೇಳಿಸ್ತಾ?’ ಎನ್ನುತ್ತಿದ್ದ. ನಾಚಿಕೆಗೆ ಸುಮ್ಮಸುಮ್ಮನೆ ‘ಹೂಂ’ ಅನ್ನುವವರೇ ಹೆಚ್ಚು. ಆಗ ಅದೇ ದನಿಯಲ್ಲಿ ‘ಮಕ್ಕಳೆಷ್ಟು?’ ಎನ್ನುತ್ತಿದ್ದ. ಅದಕ್ಕೂ ‘ಹೂಂ’ ಬಂದರೆ ಮಿಷನ್ ಬಿಚ್ಚಿ ಮತ್ತೆ ಮೊದಲಿನಿಂದ ಕೂರುತ್ತಿದ್ದ.

ದೇವರಿಲ್ಲ ಎಂಬುದನ್ನು ನಾಲ್ಕು ಜನರ ಮುಂದೆ ನಿಂತು ಹೇಳಬೇಕೆಂಬ ಹುಚ್ಚು ಅವನಿಗೆ ಮೊದಲಿನಿಂದ ಇದ್ದದ್ದಲ್ಲ. ಅದಕ್ಕೆ ಕಾರಣ ಒಂದು ಬಾಟಲಿ ಎಣ್ಣೆ. ಪೇಟೆಯ ಆ ತುದಿಯಲ್ಲಿ ಪವಾಡದವನೊಬ್ಬ ಕಿವಿ ಕೇಳಿಸದವರಿಗೆ ಮಂತ್ರಿಸಿದ ಎಣ್ಣೆ ಕೊಡುತ್ತಿದ್ದ. ಕಿವಿ ಸೋರುತ್ತಿದ್ದ ಒಂದು ಮಗುವಿಗೆ ಅದರ ತಾಯಿ ವರ್ಷಪೂರ್ತಿ ಆ ಎಣ್ಣೆ ಹೊಯ್ದು, ಕೊನೆಗೆ ಇಲ್ಲಪ್ಪನ ಅಂಗಡಿಗೆ ಕರೆತಂದಳು. ಸದ್ದು ಕೇಳಿದಾಗ ಗುಂಡಿ ಒತ್ತು ಪುಟ್ಟಿ ಎಂದು ಕೂರಿಸಿದರೆ, ಅದು ಅವನ ಮುಖ ನೋಡಿ ನೋಡಿ, ಅವನಿಗೆ ಖುಷಿಯಾಗಲಿ ಎಂದು ಗುಂಡಿ ಒತ್ತುತ್ತಿತ್ತು. ಎರಡು ಕಿವಿಯೂ ಹೋಗಿದ್ದವು.

ಅವನು ಸೀದಾ ಭೂಗೋಳದ ಮೇಷ್ಟ್ರ ಮನೆಗೆ ಹೋದ. ನಿವೃತ್ತರಾದ ಮೇಲೆ ಮೇಷ್ಟ್ರು ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ, ತಿಂಗಳಿಗೊಂದು ಭಾನುವಾರ, ದೇವರನ್ನು ನಂಬದವರ ಕೂಟ ಸೇರಿಸುತ್ತಿದ್ದರು. ಅಲ್ಲಿ ಎದ್ದು ನಿಂತು ಇಲ್ಲಪ್ಪ ಎಣ್ಣೆಯ ವಿಷಯ ಹೇಳಿದ. ಒಬ್ಬರೂ ನಗಲಿಲ್ಲ. ಸುದ್ದಿ ಹಬ್ಬಿತು. ಪವಾಡದವನು ಗಂಟುಮೂಟೆ ಕಟ್ಟಿದ. ಕೆಲವರು ಅಂಗಡಿಗೆ ಬಂದು, ನಂಬಿದವರ ಮನಸ್ಸು ನೋಯಿಸಿದೆ ಎಂದು ಬೈದು ಹೋದರು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಹಾಕಿಕೊಳ್ಳಬೇಕಾಗಿಯೂ ಇರಲಿಲ್ಲ. ಆ ಭಾಷಣದಲ್ಲಿ ತಪ್ಪೇನಾದರೂ ಇತ್ತೆಂದು ಯಾರಾದರೂ ಹೇಳಿದರೆ ಅವರು ಆ ಮಗುವಿನ ಎದುರು ಹೇಳಲಿ.

ತಪ್ಪು ಶುರುವಾದದ್ದು ಜನ ನಗತೊಡಗಿದ ಮೇಲೆ. ಎಣ್ಣೆಯ ಸಿಟ್ಟು ಎಷ್ಟು ಭಾನುವಾರ ಬಂದೀತು? ಹೊಸದೇನಾದರೂ ಹೇಳಬೇಕಲ್ಲ. ಒಂದು ಸಲ ಬಾಯಿ ತಪ್ಪಿ ಏನೋ ತಮಾಷೆ ಬಂತು, ಸಭೆ ಗೊಳ್ಳೆಂದಿತು. ಜನರನ್ನು ನಗಿಸಿದ ಸುಖ ಅವನು ಅಲ್ಲಿಯವರೆಗೆ ಕಂಡಿರಲಿಲ್ಲ. ಇಡೀ ವಾರ ಊರವರ ಕಿವಿಗೆ ಕಡ್ಡಿ ಹಾಕಿಕೊಂಡು ಕೂರುವವನಿಗೆ ಅದು ತಲೆಗೇರಿತು. ಮತ್ತೆ ನಗಿಸಲು ಸರಕು ಬೇಕಾಯಿತು. ಸರಕು ಮನೆಯಲ್ಲೇ ಇತ್ತು.

ಮನೆಯಲ್ಲಿದ್ದದ್ದು ಅಕ್ಕ. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಅವಳ ಗಂಡ ಮದುವೆಯಾಗಿ ಹೆಚ್ಚು ದಿನ ಬಾಳಲಿಲ್ಲ, ಹುಟ್ಟಿದ ಮಗು ವಾರ ತುಂಬುವ ಮೊದಲೇ ಹೋಯಿತು. ತಮ್ಮನಿಗೆ ಮದುವೆ ಒದಗಿ ಬರಲಿಲ್ಲ. ಹೀಗೆ ಇಬ್ಬರೇ, ಒಂದು ಮಹಡಿ ಮನೆಯ ಮೂರು ಕೋಣೆಗಳಲ್ಲಿ, ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆಂದು ಲೆಕ್ಕ ಹಾಕದೆ ಇದ್ದುಬಿಟ್ಟಿದ್ದರು. ಅವನಿಗೆ ಕೂದಲು ನೆರೆತಿದ್ದರೂ ಅವಳಿಗೆ ಅವನು ಪುಟ್ಟನೇ. ಅವಳ ಕಿವಿ ಮಧ್ಯವಯಸ್ಸಿನಲ್ಲೇ ಮಂದವಾಯಿತು. ಅವನು ಈ ಕಸುಬು ಕಲಿತದ್ದೇ ಅವಳಿಗಾಗಿ ಎಂದು ಕೆಳಗಿನ ಮನೆಯಾಕೆ ಹೇಳುತ್ತಿದ್ದಳು. ಅದು ಸುಳ್ಳಲ್ಲ.

ಅಕ್ಕ ದಿನಾ ಸಂಜೆ ತನ್ನ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಮಿಷನ್ ತೆಗೆದು ದಿಂಬಿನ ಪಕ್ಕ ಇಟ್ಟು, ಮಂಚದ ತುದಿಯಲ್ಲಿ ಕೂತು ದೇವರ ಹತ್ತಿರ ಮಾತಾಡುತ್ತಿದ್ದಳು. ಅವಳ ಲೆಕ್ಕದಲ್ಲಿ ಅದು ಪಿಸುಮಾತು. ಆದರೆ ತನ್ನ ದನಿ ತನಗೇ ಕೇಳಿಸದವರ ಪಿಸುಮಾತು ಎಂಥದ್ದಿರುತ್ತದೆಂದು ಕಿವಿ ಕಸುಬಿನವನಿಗೆ ಬೇರೆ ಹೇಳಬೇಕೇ? ಬಾಗಿಲು ದಾಟಿ, ಅಡುಗೆಮನೆ ದಾಟಿ, ವರಾಂಡದಲ್ಲಿ ಪೇಪರು ಓದುತ್ತಿದ್ದ ಅವನಿಗೆ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು.

ಮೊದಲ ದಿನವೇ ಹೇಳಿಬಿಡಬೇಕಿತ್ತು. ಹೇಳಲು ಸಂಕೋಚ. ಆಮೇಲಾಮೇಲೆ ಅದು ಅನುಕೂಲವೂ ಆಯಿತು. ಅಕ್ಕ ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳುವ ಜಾತಿಯಲ್ಲ. ಹಲ್ಲುನೋವಾದರೂ ‘ಏನಿಲ್ಲ, ಊಟ ಮಾಡು’ ಎನ್ನುವವಳು. ದೇವರನ್ನು ಮಾತ್ರ ಎಲ್ಲ ಕೇಳುತ್ತಿದ್ದಳು. ‘ಅಡುಗೆಮನೆ ನಲ್ಲಿ ಸೋರ್ತಿದೆಯಪ್ಪಾ, ಪುಟ್ಟಂಗೆ ಹೇಳೋಣ ಅಂದ್ರೆ ಪಾಪ ದಣಿದು ಬರ್ತಾನೆ.’ ಮಾರನೆಯ ಬೆಳಿಗ್ಗೆ ಪುಟ್ಟ ಸ್ಪ್ಯಾನರ್ ಹಿಡಿದು ವಾಷರ್ ಬದಲಾಯಿಸುತ್ತಿದ್ದ. ‘ಕೆಳಗಿನವಳ ಕೆಮ್ಮು ಒಂದು ನಿಲ್ಸು, ಪಾಪ ನಿದ್ದೆ ಇಲ್ವಂತೆ.’ ಪಕ್ಕದ ಅಂಗಡಿಯಿಂದ ಕೆಮ್ಮಿನ ಔಷಧಿ ಕೆಳಗಿನ ಮನೆಗೆ ಹೋಗುತ್ತಿತ್ತು. ಅಕ್ಕನಿಗೆ ಹೊಸ ಕನ್ನಡಕ ಬಂತು, ಮಂಡಿನೋವಿಗೆ ಡಾಕ್ಟರು ಬಂದರು. ಅಕ್ಕ ಮುಖ ಅರಳಿಸಿಕೊಂಡು, ‘ನೋಡಿದ್ಯಾ ಪುಟ್ಟ, ನಾನು ಯಾರಿಗೂ ಹೇಳಿರ್ಲಿಲ್ಲ’ ಎನ್ನುತ್ತಿದ್ದಳು. ದೇವರಿಲ್ಲಪ್ಪ ಎಂದು ಪೇಟೆಯಲ್ಲಿ ಸಾರುತ್ತಿದ್ದವನು ಮನೆಯಲ್ಲಿ ವರ್ಷಗಟ್ಟಲೆ ಆ ದೇವರ ಚಾಕರಿ ಮಾಡಿಕೊಂಡಿದ್ದ.

ಇನ್ನೊಂದು ಮಾತೂ ಆ ಬಾಗಿಲಿಂದ ಬರುತ್ತಿತ್ತು. ಎಲ್ಲ ಕೇಳಿ ಮುಗಿದ ಮೇಲೆ, ‘ಮಗು ಹೇಗಿದೆಯಪ್ಪಾ? ಅದಕ್ಕೆ ಚಳಿಯಾಗದ ಹಾಗೆ ನೋಡ್ಕೋ’ ಎನ್ನುತ್ತಿದ್ದಳು. ಅದು ಬಂದಾಗ ಅವನು ಪೇಪರು ಮಡಚಿಟ್ಟು ಬೀದಿಗೆ ಇಳಿಯುತ್ತಿದ್ದ.

ಭಾಷಣದಲ್ಲಿ ಅದನ್ನು ಬಿಟ್ಟು ಮಿಕ್ಕದ್ದೆಲ್ಲ ಬಂತು. ಅಕ್ಕನನ್ನು ಅಜ್ಜಿ ಮಾಡಿದ, ಅಷ್ಟೇ ಮರೆಮಾಚಿದ್ದು.

‘ನಂಗೆ ಗೊತ್ತಿರೋ ಒಬ್ಬ ಅಜ್ಜಿ ಇದ್ದಾರೆ,’ ಎಂದು ಶುರು ಮಾಡುತ್ತಿದ್ದ. ‘ಕಿವಿ ಕೇಳಲ್ಲ. ಮನುಷ್ಯರ ಜೊತೆ ಮಾತಾಡೋವಾಗ ಮಿಷನ್ ಹಾಕ್ಕೋತಾರೆ, ದೇವರ ಜೊತೆ ಮಾತಾಡೋವಾಗ ತೆಗೆದಿಡ್ತಾರೆ. ಯಾಕಜ್ಜಿ ಅಂದ್ರೆ, ಅವನು ಹೇಗಿದ್ರೂ ಏನೂ ಹೇಳಲ್ಲವಲ್ಲ, ಬ್ಯಾಟರಿ ದಂಡ ಅಂತಾರೆ.’ ಇದು ಅಕ್ಕ ಆಡಿದ ಮಾತಲ್ಲ, ಅವನೇ ಸೇರಿಸಿದ್ದು. ‘ದೇವರೇ, ನಲ್ಲಿ ಸೋರ್ತಿದೆ ಅಂತಾರೆ. ಮಾರನೇ ದಿನ ನಲ್ಲಿ ಸರಿ. ಹಾಗಾದ್ರೆ ದೇವರಿದ್ದಾನಾ? ಇದ್ದಾನೆ ಸ್ವಾಮಿ, ನಿಮ್ಮ ಎದುರಿಗೇ ನಿಂತಿದ್ದಾನೆ.’ ಅಲ್ಲಿ ಜೇಬಿನಿಂದ ಸ್ಪ್ಯಾನರ್ ತೆಗೆದು ಎತ್ತಿ ಹಿಡಿಯುತ್ತಿದ್ದ. ನಗು ಅಡಗುವಷ್ಟು ಹೊತ್ತು ಕಾದು, ಅಕ್ಕನ ದನಿಯಲ್ಲೇ ಕೆಮ್ಮಿನ ಪ್ರಸಂಗ. ಕೊನೆಗೆ ಮುಕ್ತಾಯ: ‘ಕೇಳೋರೂ ಕಿವುಡು, ಕೇಳಿಸ್ಕೋಬೇಕಾದೋನು ಇನ್ನೂ ಕಿವುಡು. ಅವನನ್ನ ಒಂದ್ಸಲ ನಮ್ಮ ಅಂಗಡಿಗೆ ಕಳಿಸಿ, ಅಚ್ಚು ತೆಗೆದು ಒಳ್ಳೇ ಮಿಷನ್ ಹಾಕ್ಕೊಡ್ತೀನಿ.’

ಇದು ಹೆಸರುವಾಸಿಯಾಯಿತು. ಬೇರೆ ಬೇರೆ ಊರುಗಳಿಂದ ಕರೆ ಬಂತು. ಅಕ್ಕ ಮಾತ್ರ ಇದನ್ನು ಕೇಳಿರಲಿಲ್ಲ. ಅವಳ ಹಳೆಯ ಮಿಷನ್ ದೊಡ್ಡ ಸಭಾಂಗಣದಲ್ಲಿ ಕುಯ್ಯೋ ಎನ್ನುತ್ತಿತ್ತು, ಜನರ ಮಾತು ಕಲಸುಮೇಲೋಗರವಾಗುತ್ತಿತ್ತು. ‘ನಿಂಗೆ ಏನೂ ತಿಳಿಯಲ್ಲ, ಬರಬೇಡ’ ಎಂದು ಅವನೇ ತಡೆದಿದ್ದ. ಆಮೇಲೆ ಹೊಸ ಜಾತಿಯ ಮಿಷನ್ ಬಂತು. ಗದ್ದಲದಲ್ಲೂ ಎದುರಿನವರ ಮಾತನ್ನು ಬೇರೆ ಮಾಡಿ ಕೊಡುವಂಥದ್ದು. ಅಂಗಡಿಗೆ ಬಂದ ಮೊದಲನೆಯದನ್ನೇ ಅಕ್ಕನ ಕಿವಿಗೆ ಸಿಕ್ಕಿಸಿ, ಹಿಂದೆ ನಿಂತು ಉಸಿರಿನಷ್ಟು ಮೆಲ್ಲಗೆ ‘ಕೇಳಿಸ್ತಾ?’ ಎಂದ. ಅಕ್ಕ ತಿರುಗಿ, ‘ಬೀದೀಲಿ ಯಾರೋ ಸೈಕಲ್ ಬೆಲ್ ಮಾಡ್ತಿದ್ದಾರೆ’ ಎಂದಳು. ಅವನ ಕಣ್ಣು ತುಂಬಿತ್ತು. ಆ ದಿನ ಅವನು ಊರಿಗೆಲ್ಲ ಒಳ್ಳೆಯ ತಮ್ಮ.

ಮುಂದಿನ ಭಾನುವಾರ ಕೂಟದಲ್ಲಿ ಅವನು ಮಾತಿಗೆ ನಿಂತಾಗ ಸಭೆ ತುಂಬಿತ್ತು. ಬ್ಯಾಟರಿ ದಂಡಕ್ಕೆ ನಗು ಬಂತು. ಸ್ಪ್ಯಾನರ್ ಎತ್ತಿದಾಗ ಚಪ್ಪಾಳೆಯೂ ಬಂತು. ಆಗ ಕೊನೆಯ ಸಾಲಿನಲ್ಲಿ ಅಕ್ಕನ ಬೂದು ಬಣ್ಣದ ಸ್ವೆಟರ್ ಕಾಣಿಸಿತು. ಪಕ್ಕದಲ್ಲಿ ಕೆಳಗಿನ ಮನೆಯಾಕೆ. ಹೇಳದೆ ಬಂದು ತಮ್ಮನಿಗೆ ಖುಷಿ ಕೊಡೋಣ ಎಂದು ಇಬ್ಬರೂ ಹೊರಟು ಬಂದಿದ್ದರು.

ಅಕ್ಕ ನಗುತ್ತಿದ್ದಳು. ಕಿವಿ ಕೇಳಿಸದವರ ಹಳೆಯ ಅಭ್ಯಾಸ ಅದು. ಪಕ್ಕದವರು ನಕ್ಕರೆ ತಾವೂ ನಗುವುದು, ಯಾಕೆಂದು ಆಮೇಲೆ ತಿಳಿದುಕೊಳ್ಳುವುದು. ಕೆಮ್ಮಿನ ಮಾತಿಗೆ ಕೆಳಗಿನ ಮನೆಯಾಕೆ ನಗು ನಿಲ್ಲಿಸಿ ಅಕ್ಕನ ಕಡೆ ತಿರುಗಿದಳು. ಅಕ್ಕನ ನಗು ಇನ್ನೂ ಸ್ವಲ್ಪ ಹೊತ್ತು ಮುಖದ ಮೇಲೇ ಇತ್ತು. ಆಮೇಲೆ ಇರಲಿಲ್ಲ.

ಇಲ್ಲಪ್ಪನ ಮುಕ್ತಾಯದ ಮಾತು ಬಾಯಲ್ಲಿತ್ತು. ಅದನ್ನು ನುಂಗಬಹುದಿತ್ತು. ಕೆಮ್ಮಬಹುದಿತ್ತು, ನೀರು ಕೇಳಬಹುದಿತ್ತು, ತಲೆ ಸುತ್ತಿತೆಂದು ಕೂತುಬಿಡಬಹುದಿತ್ತು. ಇನ್ನೂರು ಮುಖಗಳು ಆ ಮಾತಿಗಾಗಿ ಬಾಯಿ ತೆರೆದು ಕಾಯುತ್ತಿದ್ದವು. ಅವನು ಅಕ್ಕನನ್ನು ನೋಡಿಕೊಂಡೇ ‘ಕೇಳೋರೂ ಕಿವುಡು’ ಎಂದು ಶುರು ಮಾಡಿ, ಕೊನೆಯವರೆಗೂ ಹೇಳಿದ. ಮುಂದೆ ಎಷ್ಟೋ ದಿನ ಅವನನ್ನು ಸುಟ್ಟದ್ದು ಅದೇ. ಅವಳು ಬಂದದ್ದು ಗೊತ್ತಿರಲಿಲ್ಲ ಎನ್ನಬಹುದು, ಆದರೆ ಗೊತ್ತಾದ ಮೇಲೂ ಹೇಳಿದ್ದಕ್ಕೆ ಏನೆನ್ನುವುದು?

ಮನೆಗೆ ಹೋದಾಗ ಅಕ್ಕ ಅನ್ನಕ್ಕೆ ಇಟ್ಟಿದ್ದಳು. ಬೈಗುಳ ಇಲ್ಲ, ಅಳು ಇಲ್ಲ, ಪಾತ್ರೆ ಕುಕ್ಕುವುದೂ ಇಲ್ಲ.

‘ಅಕ್ಕಾ, ನೀನು ಬರ್ತೀಯ ಅಂತ...’

‘ಚೆನ್ನಾಗಿ ಮಾತಾಡ್ತೀಯ. ಎಲ್ಲಾನೂ ಸ್ಪಷ್ಟವಾಗಿ ಕೇಳಿಸ್ತು. ಮಿಷನ್ ಚೆನ್ನಾಗಿದೆ.’

ಅಷ್ಟೇ. ಸಂಜೆ ಅವಳು ಕೋಣೆಗೆ ಹೋದಳು. ಅವನು ವರಾಂಡದಲ್ಲಿ ಪೇಪರು ಹಿಡಿದು ಕೂತ. ಬಾಗಿಲಿನ ಆಚೆಯಿಂದ ಏನೂ ಬರಲಿಲ್ಲ. ಮಾರನೆಯ ದಿನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ಒಂದು ಸಂಜೆ ತಡೆಯಲಾರದೆ ಬಾಗಿಲಿಗೆ ಹೋಗಿ ಕಿವಿ ಇಟ್ಟ. ಮಂಚ ಕಿರುಗುಟ್ಟಿದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳು ಮನಸ್ಸಿನಲ್ಲೇ ಮಾತಾಡುತ್ತಿದ್ದಾಳೋ, ಮಾತೇ ಬಿಟ್ಟಿದ್ದಾಳೋ ತಿಳಿಯಲಿಲ್ಲ. ಮಂಡಿ ಮತ್ತೆ ನೋಯುತ್ತಿದೆಯೋ, ಕನ್ನಡಕ ಸರಿಯಿದೆಯೋ, ಯಾವುದೂ ತಿಳಿಯುವ ದಾರಿಯಿರಲಿಲ್ಲ. ‘ಹೇಗಿದ್ದೀಯಕ್ಕ?’ ಎಂದರೆ, ‘ಏನಿಲ್ಲ, ಊಟ ಮಾಡು.’

ಕೆಳಗಿನ ಮನೆಯಾಕೆ ಔಷಧಿಯ ಖಾಲಿ ಬಾಟಲಿಗಳನ್ನೆಲ್ಲ ತೊಳೆದು, ಅಂಗಡಿಯ ಮೇಜಿನ ಮೇಲೆ ಸಾಲಾಗಿ ಇಟ್ಟು ಹೋದಳು. ಮೆಟ್ಟಿಲು ಇಳಿಯುವಾಗ ಕೆಮ್ಮು ಬಂತು. ಬಾಯಿಗೆ ಸೆರಗು ಒತ್ತಿಕೊಂಡಳು.

ಅವನು ಮೇಷ್ಟ್ರ ಹತ್ತಿರ ಹೇಳಿಕೊಂಡ. ಮೇಷ್ಟ್ರು ಕೆಟ್ಟವರಲ್ಲ. ಭೂಪಟದ ಮುಂದೆ ನಿಂತವರ ಹಾಗೆ ವಿಷಯವನ್ನು ಗೆರೆ ಎಳೆದು ಬೇರೆ ಮಾಡುವವರು.

‘ನೋಡಪ್ಪ, ಅವರು ಮೈಕಿನಲ್ಲಿ ಕೂಗಿದ್ರೆ ಭಕ್ತಿ, ನಾವು ಬಾಯಿ ತೆಗೆದ್ರೆ ಮನಸ್ಸಿಗೆ ನೋವು. ಇದಕ್ಕೆಲ್ಲ ಸುಮ್ನಾದ್ರೆ ಇನ್ನೊಬ್ಬ ಎಣ್ಣೆ ಬಾಟಲಿ ತರ್ತಾನೆ. ನೀನು ಟೀಕೆ ಮಾಡಿದ್ದು ನಂಬಿಕೇನ, ನಿಮ್ಮಕ್ಕನ್ನಲ್ಲ.’

‘ನಂಬಿಕೆಗೆ ಅಕ್ಕನ ದನಿ ಯಾಕೆ ಹಾಕಿದೆ ಹಾಗಾದ್ರೆ?’

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ‘ಅದು... ಉದಾಹರಣೆ.’

‘ಎಣ್ಣೆಯವನು ಎಲ್ಲರ ಮುಂದೆ ಮಾರ್ತಿದ್ದ ಸಾರ್, ಎಲ್ಲರ ಮುಂದೆ ಹೇಳಿದೆ. ಅಕ್ಕ ಬಾಗಿಲು ಹಾಕ್ಕೊಂಡಿದ್ಲು.’

ಮುಂದಿನ ಕೂಟಕ್ಕೂ ಅವನು ಹೋದ. ದೇವರಿಲ್ಲ ಎಂಬ ಮಾತು ಅವನಿಗೆ ಸುಳ್ಳಾಗಿರಲಿಲ್ಲ. ಪೇಟೆಗೆ ಹೊಸದಾಗಿ ಬಂದಿದ್ದ, ಮುಟ್ಟಿ ಕಾಯಿಲೆ ವಾಸಿ ಮಾಡುವವನ ಬಗ್ಗೆ ನೆಟ್ಟಗೆ ಹೇಳಿದ. ಹಿಂದಿನಿಂದ ಯಾರೋ ‘ಕಿವುಡಜ್ಜಿ ಕಥೆ ಹೇಳಿ ಸಾರ್’ ಎಂದು ಕೂಗಿದರು. ಅದನ್ನು ಇನ್ನು ಹೇಳುವುದಿಲ್ಲ ಎಂದ. ಜನ ಹೊರಗೆ ಹೋಗಿ, ಇಲ್ಲಪ್ಪ ಸಪ್ಪೆಯಾದ ಎಂದು ಮಾತಾಡಿಕೊಂಡರು.

ವಾರಕ್ಕೊಮ್ಮೆ ಅಕ್ಕನ ಮಿಷನ್ ಅವನೇ ಬಿಚ್ಚಿ ಶುಚಿ ಮಾಡುವುದು ವಾಡಿಕೆ. ಅವಳು ಅದನ್ನು ಮೇಜಿನ ಮೇಲಿಟ್ಟು ಪಾತ್ರೆ ತೊಳೆಯಲು ಹೋದಳು. ಅವನು ಬ್ರಷ್ಷು ಆಡಿಸುತ್ತ ಅವಳ ಬೆನ್ನು ನೋಡಿದ. ಸ್ವೆಟರಿನ ತೋಳು ಮೇಲೇರಿಸಿಕೊಂಡು, ಏನೂ ಕೇಳಿಸದೆ, ತಟ್ಟೆ ಉಜ್ಜುತ್ತಿದ್ದಳು. ಅವನ ಬಾಯಿ ತಾನಾಗಿ ಬಿಚ್ಚಿಕೊಂಡಿತು.

‘ಅಕ್ಕಾ, ತಪ್ಪಾಯ್ತು. ನಿನ್ನನ್ನ ನೋಡಿದ ಮೇಲೂ ಹೇಳಿದೆ. ಜನ ನಗ್ತಾರಲ್ಲ ಅಂತ ಹೇಳಿದೆ.’

ಅವಳು ತಟ್ಟೆ ತೊಳೆದು ಬೋರಲು ಹಾಕಿದಳು, ಇನ್ನೊಂದು ಎತ್ತಿಕೊಂಡಳು. ಅವನು ಇನ್ನೂ ಏನೇನೋ ಹೇಳಿದ. ಹೇಳಿ ಮುಗಿಸಿದಾಗ ಎದೆ ಸ್ವಲ್ಪ ಹಗುರವಾಗಿತ್ತು. ಹಗುರವಾದದ್ದಕ್ಕೇ ನಾಚಿಕೆಯಾಯಿತು. ಉತ್ತರ ಬಾರದ ಕಡೆ ಮುಖ ಮಾಡಿ ಇಷ್ಟು ಹೊತ್ತು ಮಾತಾಡಿದ್ದ, ಅದನ್ನು ಯಾರಾದರೂ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದರೆ ಹೇಗಿರುತ್ತಿತ್ತೆಂದು ಬಾಗಿಲ ಕಡೆ ತಿರುಗಿ ನೋಡಿದ.

ಅಕ್ಕ ಕೈ ಒರೆಸಿಕೊಂಡು ಬಂದು ಕೂತಳು. ಅವನು ಮಿಷನ್ ಸಿಕ್ಕಿಸಿ, ಅಭ್ಯಾಸಬಲದಿಂದ ಹಿಂದೆ ಹೋಗಿ ನಿಂತ.

‘ಕೇಳಿಸ್ತಾ?’

‘ಕೇಳಿಸುತ್ತೆ. ಏನಾದ್ರೂ ಹೇಳೋದಿದ್ರೆ ಮುಂದೆ ಬಂದು ಹೇಳು.’

ಅವನು ಮುಂದೆ ಬಂದ. ಇನ್ನೂರು ಜನರ ಎದುರು ತಡವರಿಸದವನು ತಡವರಿಸಿದ. ಕಷ್ಟಪಟ್ಟು, ‘ತಪ್ಪಾಯ್ತಕ್ಕ’ ಎಂದ.

ಅಕ್ಕ ಅವನ ಮುಖ ನೋಡಿದಳು.

‘ಬ್ಯಾಟರಿ ದಂಡ ಅಂತ ನಾನು ಯಾವತ್ತು ಅಂದಿದ್ದೆ?’

‘ಇಲ್ಲ. ಅದು ನಾನೇ ಹಾಕಿದ್ದು.’

‘ನಲ್ಲಿ, ಕನ್ನಡಕ, ಡಾಕ್ಟ್ರು, ಎಲ್ಲಾ ನೀನೇನಾ?’

‘ಹೂಂ.’

‘ಮಗೂದೂ ಕೇಳಿಸ್ತಿತ್ತಾ?’

ಅವನಿಗೆ ಸುಳ್ಳು ಹೇಳಬೇಕೆನಿಸಿತು. ಜೀವಮಾನದಲ್ಲಿ ಅಷ್ಟು ಆಸೆಯಿಂದ ಅವನು ಯಾವ ಸುಳ್ಳನ್ನೂ ಬಯಸಿರಲಿಲ್ಲ. ‘ಹೂಂ’ ಎಂದ. ‘ಅದನ್ನ ಎಲ್ಲೂ ಹೇಳಿಲ್ಲಕ್ಕ.’

ಅಕ್ಕ ಮೇಜಿನ ಮೇಲಿದ್ದ ಬ್ರಷ್ಷನ್ನು ನೇರ ಮಾಡಿ ಇಟ್ಟಳು. ‘ದೇವರಿಲ್ಲ ಅಂತ ನೀನು ಊರೆಲ್ಲ ಹೇಳ್ಕೊಂಡು ತಿರುಗೋದು ನಂಗೆ ಯಾವಾಗ್ಲೋ ಗೊತ್ತು. ಅದಕ್ಕೆ ನಾನೇನೂ ಅಂದಿಲ್ಲ. ಅವನು ಕೇಳಿಸ್ಕೋತಾನೋ ಇಲ್ವೋ ನಂಗೂ ಗೊತ್ತಿಲ್ಲ ಪುಟ್ಟ. ನೀನು ಕೇಳಿಸ್ಕೋತಿದ್ದೀಯ ಅಂತ ಗೊತ್ತಿರ್ಲಿಲ್ಲ.’

ಎದ್ದು ಹೋಗುತ್ತ ಬಾಗಿಲಲ್ಲಿ ನಿಂತಳು. ‘ಇನ್ಮೇಲೆ ಸಂಜೆ ಹೊತ್ತು ಸ್ವಲ್ಪ ಆಚೆ ಹೋಗಿ ಬಾ.’

ಅಂದಿನಿಂದ ಅವನು ಸಂಜೆ ಮನೆಯಲ್ಲಿರುವುದಿಲ್ಲ. ಅಂಗಡಿ ಮುಚ್ಚಿ ಸೀದಾ ಬಸ್ ನಿಲ್ದಾಣದ ಕಡೆ ನಡೆಯುತ್ತಾನೆ, ಅಲ್ಲಿನ ಬೆಂಚಿನ ಮೇಲೆ ಕೂತು ಬರುವ ಹೋಗುವ ಬಸ್ಸು ನೋಡುತ್ತಾನೆ. ಅಕ್ಕ ಕೋಣೆಯಿಂದ ಎದ್ದು ಬಂದು ಹಾಕಿದ ಅಡುಗೆಮನೆಯ ದೀಪ ಬೀದಿಯ ತಿರುವಿನಿಂದ ಕಂಡ ಮೇಲೆ ಹಿಂದಿರುಗುತ್ತಾನೆ. ಅಕ್ಕ ಮತ್ತೆ ಮಾತಾಡುತ್ತಿದ್ದಾಳೆಂದು ಅವನ ಊಹೆ. ಅದರಿಂದ ಸಮಾಧಾನವಾಗುತ್ತದೆ, ಆ ಸಮಾಧಾನಕ್ಕೆ ತಾನು ಲಾಯಕ್ಕಲ್ಲ ಎಂದೂ ಅನಿಸುತ್ತದೆ.

ಸ್ವಲ್ಪ ದಿನಕ್ಕೆ ಅಡುಗೆಮನೆಯ ನಲ್ಲಿ ಮತ್ತೆ ಸೋರತೊಡಗಿತು. ಊಟಕ್ಕೆ ಕೂತಾಗ ತೊಟ್ಟಿಕ್ಕುವ ಸದ್ದು ಇಬ್ಬರಿಗೂ ಕೇಳಿಸುತ್ತಿತ್ತು. ಅಕ್ಕನಿಗಂತೂ ಈಗ ಎಲ್ಲವೂ ಕೇಳಿಸುತ್ತದೆ. ಅವನಾಗಿ ಎದ್ದು ಸರಿಮಾಡಿದರೆ, ಮತ್ತೆ ಬಾಗಿಲಿಗೆ ಕಿವಿ ಇಟ್ಟಿದ್ದಾನೆ ಎಂದುಕೊಂಡಾಳು. ಮಾಡದೆ ಬಿಟ್ಟರೆ, ಅವಳು ದೇವರನ್ನು ಕೇಳಿಕೊಂಡಿದ್ದರೆ ಅದು ಹಾಗೇ ಉಳಿಯುತ್ತದೆ. ‘ನಲ್ಲಿ ಸೋರ್ತಿದೆಯಲ್ಲ’ ಎಂದು ಅವಳಾಗಿ ಒಂದು ಮಾತು ಅಂದರೆ ಸಾಕಿತ್ತು. ಅನ್ನ ಕಲಸುತ್ತ ಆ ಮಾತಿಗಾಗಿ ಕಾದ. ಅಕ್ಕ ಮಜ್ಜಿಗೆ ಬಡಿಸಿದಳು. ಸ್ಪ್ಯಾನರ್ ಜೇಬಿನಲ್ಲೇ ಇತ್ತು.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಅಡುಗೆಮನೆಯಲ್ಲಿ ಪ್ಲಂಬರ್ ಕೂತಿದ್ದ. ಅಕ್ಕ ಅವನಿಗೆ ನೀರು ಕೊಟ್ಟು ಒಳಗೆ ಹೋಗಿದ್ದಳು. ಪ್ಲಂಬರ್ ಪರಿಚಯದವನೇ. ಅವನ ತಾಯಿಗೆ ಮಿಷನ್ ಹಾಕಿಕೊಟ್ಟವನು ಇಲ್ಲಪ್ಪನೇ.

‘ಏನ್ ಸಾರ್, ಬರೀ ವಾಷರ್ ಹೋಗಿರೋದು,’ ಎಂದು ಅವನು ನಕ್ಕ. ‘ಇದಕ್ಕೆಲ್ಲ ನಾನು ಬೇಕಾ? ನೀವೇ ಮಾಡಬಹುದಿತ್ತಲ್ಲ.’

ಇಲ್ಲಪ್ಪ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಿದ್ದ.

‘ನನ್ನನ್ನ ಯಾರೂ ಕೇಳ್ಲಿಲ್ಲಪ್ಪ,’ ಎಂದ.